ಮರದ ಗುಂಡಿನಿಂದ ತಾಮ್ರದ ಹರಳಿಗೆ

ಗುಂಡು-ಕಡ್ಡಿಗಳಿಂದ ಅಣುಗಳ ಮಾದರಿಯನ್ನು ನೀವೂ ಕಟ್ಟಿರಬಹುದು. ಗುಂಡಿನಲ್ಲಿರುವ ತೂತುಗಳನ್ನು ಗಮನಿಸಿದ್ದೀರಾ? 1974ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾಲಯದ ರಿಚರ್ಡ್ ರಾಬ್ಸನ್ ಪಾಠಕ್ಕೆಂದು ಮರದ ಗುಂಡುಗಳಿಗೆ ತೂತು ಕೊರೆಸುತ್ತಿದ್ದರು. ತೂತುಗಳ ಕೋನ ಸರಿಯಾಗಿದ್ದರೆ ರಚನೆ ತಾನಾಗಿಯೇ ಸರಿಯಾಗಿ ಮೂಡುತ್ತಿತ್ತು. ಅಣುಗಳನ್ನೇ ಹೀಗೆ ಜೋಡಿಸಬಹುದಲ್ಲವೇ ಎಂದು ಅವರಿಗೆ ಹೊಳೆಯಿತು.

ಅದನ್ನು ಪರೀಕ್ಷಿಸಿದ್ದು ಹತ್ತು ವರ್ಷಗಳಿಗೂ ಹೆಚ್ಚು ಕಾಲದ ನಂತರ. ವಜ್ರದಲ್ಲಿ ಪ್ರತಿ ಇಂಗಾಲ ಪರಮಾಣುವಿನ ನಾಲ್ಕು ಬಂಧಗಳು ಚತುರ್ಮುಖಿಯ ಶೃಂಗಗಳತ್ತ ಚಾಚಿರುತ್ತವೆ. ಏಕ ಧನಾವೇಶದ ತಾಮ್ರದ ಅಯಾನು ಸಹ ಸಾಮಾನ್ಯವಾಗಿ ಹೀಗೆಯೇ ಬಂಧ ಏರ್ಪಡಿಸುತ್ತದೆ. ರಾಬ್ಸನ್ ಅದರೊಡನೆ ನಾಲ್ಕು ತೋಳುಗಳ ಸಾವಯವ ಅಣುವನ್ನು ಬೆರೆಸಿದರು. ಪ್ರತಿ ತೋಳಿನ ತುದಿಯಲ್ಲಿದ್ದ ನೈಟ್ರೈಲ್ ಗುಂಪಿನ ನೈಟ್ರೊಜನ್, ಎಲೆಕ್ಟ್ರಾನ್ ಜೋಡಿಯನ್ನು ನೀಡಿ ತಾಮ್ರವನ್ನು ಹಿಡಿಯಿತು. ಸಿಕ್ಕುಸಿಕ್ಕಾದ ಮುದ್ದೆ ದೊರೆಯಬಹುದಿತ್ತು, ದೊರೆತದ್ದು ಹರಳು! ಬರ್ನಾರ್ಡ್ ಹಾಸ್ಕಿನ್ಸ್ ಜೊತೆಗೂಡಿ ಅವರು 1989ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ಕ್ಷ-ಕಿರಣಗಳು ತೋರಿದ್ದು ವಜ್ರದಂತಹ ಜಾಲವನ್ನೇ. ಆದರೆ ವಜ್ರದಲ್ಲಿಲ್ಲದ ದೊಡ್ಡ ಪೊಳ್ಳುಗಳು ಇದರಲ್ಲಿದ್ದವು. ಅವುಗಳಲ್ಲಿ ದ್ರಾವಕ ತುಂಬಿತ್ತು.

ಈ ಕೋಆರ್ಡಿನೇಷನ್ ಪಾಲಿಮರ್ ಸುಲಭವಾಗಿ ಕುಸಿಯುತ್ತಿತ್ತು. 1990ರ ದಶಕದಲ್ಲಿ ಸುಸುಮು ಕಿಟಗಾವಾ ಮತ್ತು ಒಮರ್ ಯಾಘಿ ಇಂತಹ ಜಾಲಗಳನ್ನು ಗಟ್ಟಿಗೊಳಿಸುವ ದಾರಿ ಕಂಡುಕೊಂಡರು. ಮೂವರೂ 2025ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಮುಂದಿನ ಪಾಠದಲ್ಲಿ ಗುಂಡಿನ ಜೊತೆಗೆ ತೂತುಗಳ ಕೋನವನ್ನೂ ವಿದ್ಯಾರ್ಥಿಗಳಿಗೆ ತೋರಿಸಿ.