ಅಮಾಮಿ ದ್ವೀಪದ ಕಪ್ಪು ಮೊಲ

ಜಪಾನಿನ ಮುಖ್ಯ ದ್ವೀಪಗಳ ದಕ್ಷಿಣ ತುದಿಯ ಕ್ಯೂಶೂವಿನಿಂದ ತೈವಾನಿನತ್ತ ಸಾಗುವ ದ್ವೀಪಮಾಲೆಯಲ್ಲಿ ಅಮಾಮಿ ಓಶಿಮಾ ಮತ್ತು ತೊಕುನೊಶಿಮಾ ಎಂಬ ಎರಡು ದ್ವೀಪಗಳಿವೆ. ಮೊದಲನೆಯದರ ವಿಸ್ತಾರ ಸುಮಾರು 712 ಚದರ ಕಿಲೋಮೀಟರ್, ಎರಡನೆಯದು ಅದರ ಮೂರನೆಯ ಒಂದು ಭಾಗಕ್ಕಿಂತ ತುಸು ದೊಡ್ಡದು. ಅಮಾಮಿ ಮೊಲ ಇರುವುದು ಈ ಎರಡು ದ್ವೀಪಗಳಲ್ಲಿ ಮಾತ್ರ. ಕಡುಗಂದು ಮೈ, ಐದು ಸೆಂಟಿಮೀಟರನ್ನೂ ಮುಟ್ಟದ ಮೋಟು ಕಿವಿ, ಗಿಡ್ಡ ಕಾಲು, ನೆಲ ಬಗೆಯಲು ಬಲವಾದ ಉಗುರು. ತೂಕ ಎರಡರಿಂದ ಮೂರು ಕಿಲೋ. ಉದ್ದಕಿವಿಯ, ಚಂಗನೆ ನೆಗೆಯುವ ನಮ್ಮ ಬಯಲಿನ ಮೊಲಗಳ ಪಕ್ಕದಲ್ಲಿಟ್ಟರೆ ಇದು ಬೇರೆ ಜಾತಿಯ ಪ್ರಾಣಿಯೆಂದೇ ತೋರುತ್ತದೆ.

ಈ ರೂಪ ಬಹು ಹಳೆಯದು. ಇದರ ವಂಶದ ಹತ್ತಿರದ ಬಂಧುಗಳು ಇಂದು ಚೀನಾ ಮತ್ತು ಯುರೋಪಿನ ಪಳೆಯುಳಿಕೆಗಳಲ್ಲಷ್ಟೇ ಸಿಗುತ್ತವೆ. ಭೂಖಂಡದಿಂದ ದ್ವೀಪಗಳು ಕಡಿದುಹೋಗಿ ಹತ್ತು ಲಕ್ಷ ವರ್ಷಗಳಿಗೂ ಮೇಲಾಗಿದೆ. ಅತ್ತ ಭೂಖಂಡದಲ್ಲಿ ಉಳಿದವು ಅಳಿದವು. ಇತ್ತ ನರಿ, ಕಾಡುಬೆಕ್ಕುಗಳಂಥ ಬೇಟೆಗಾರ ಸಸ್ತನಿಗಳೇ ಇಲ್ಲದ ದ್ವೀಪದಲ್ಲಿ ಈ ಮೊಲ ಉಳಿದುಕೊಂಡಿತು. ಓಡಿ ಪಾರಾಗುವ ಕಲೆಯ ಅಗತ್ಯ ಅದಕ್ಕೆ ಬೀಳಲಿಲ್ಲ.

ಇದ್ದ ದೊಡ್ಡ ವೈರಿ ಒಂದೇ: ಹಾಬು ಎಂಬ ವಿಷದ ಹಾವು. ಮೊಲದ ಸಂಸಾರದ ಕ್ರಮವನ್ನು ನೋಡಿದರೆ ಈ ವೈರದ ಆಳ ಅರ್ಥವಾಗುತ್ತದೆ. ತಾಯಿ ತನ್ನ ಬಿಲದಲ್ಲಿ ಮರಿ ಹಾಕುವುದಿಲ್ಲ. ಅದಕ್ಕೆಂದೇ ಬೇರೊಂದು ಬಿಲ ತೋಡಿ, ಎಲೆ ಹಾಸಿ, ಒಂದೋ ಎರಡೋ ಮರಿ ಹೆತ್ತು, ಬಿಲದ ಬಾಯಿಗೆ ಮಣ್ಣು ಮೆತ್ತಿ ಹೊರಡುತ್ತದೆ. ಎರಡು ರಾತ್ರಿಗೊಮ್ಮೆ ಬಂದು ಮಣ್ಣು ತೆಗೆದು ಹಾಲೂಡಿಸುತ್ತದೆ. ಮತ್ತೆ ಮಣ್ಣು ಒತ್ತಿ, ಸುತ್ತಲಿನ ನೆಲದಂತೆಯೇ ಕಾಣುವಂತೆ ಮುಚ್ಚಿ ಹೋಗುತ್ತದೆ. ಹಾವಿನ ಕಣ್ಣು ಮೂಗು ಎರಡನ್ನೂ ತಪ್ಪಿಸುವ ಈ ಏರ್ಪಾಡು ಲಕ್ಷಾಂತರ ವರ್ಷ ಕೆಲಸ ಮಾಡಿದೆ. ಮೊಲಗಳಲ್ಲಿ ಅಪರೂಪವೆನಿಸುವಂತೆ ಇದು ಕೂಗುತ್ತದೆ ಕೂಡ. ಸಂಜೆ ಬಿಲದಿಂದ ಹೊರಬರುವಾಗ ಸಿಳ್ಳೆಯಂಥ ಚೂಪು ದನಿ ಕಣಿವೆಯಲ್ಲಿ ಕೇಳಿಸುತ್ತದೆ.

ನಿತ್ಯಹಸಿರು ಓಕ್ ಜಾತಿಯ ಮರಗಳೂ ಸುದಾಜೀ ಮರಗಳೂ ತುಂಬಿದ ಹಳೆಯ ಕಾಡು ಇದರ ಮನೆ. ಸುದಾಜೀ ಕಾಯಿ ಉದುರುವ ಕಾಲದಲ್ಲಿ ಅದೇ ಆಹಾರ. ಉಳಿದ ದಿನಗಳಲ್ಲಿ ಸುಸುಕಿ ಹುಲ್ಲು, ಎಳೆ ಚಿಗುರು, ತೊಗಟೆ. ಹುಲ್ಲು ಬೆಳೆಯುವುದು ಬಿಸಿಲು ಬೀಳುವ ತೆರಪಿನಲ್ಲಿ, ಬಿಲಕ್ಕೆ ಬೇಕಾದುದು ದಟ್ಟ ಕಾಡಿನ ನೆಲ. ಎರಡೂ ಒತ್ತೊತ್ತಾಗಿ ಇರುವಲ್ಲಿ ಮೊಲ ಸುಖವಾಗಿರುತ್ತದೆ. ಅಮಾಮಿಯ ಯುವಾನ್ ಬೆಟ್ಟದ ಹೆಸರು ಹೊತ್ತ, ಹಸಿರೆಲೆಯಿಲ್ಲದ ಪರಾವಲಂಬಿ ಸಸ್ಯವೊಂದರ ಬೀಜ ಹರಡುವುದು ಈ ಮೊಲವೇ ಎಂದು ಇತ್ತೀಚಿನ ವರ್ಷಗಳಲ್ಲಷ್ಟೇ ಗೊತ್ತಾಯಿತು.

ಮನುಷ್ಯರ ಕಡೆಯಿಂದ ನೋಡಿದರೆ ಅಮಾಮಿಯ ಚರಿತ್ರೆ ಬಹುಪಾಲು ಕಬ್ಬಿನ ಚರಿತ್ರೆ. 1609ರಲ್ಲಿ ಕ್ಯೂಶೂವಿನ ಸತ್ಸುಮಾ ಪ್ರಭುಗಳು ದ್ವೀಪಗಳನ್ನು ಗೆದ್ದರು. ಮುಂದೆ ಕಬ್ಬಿನ ಕಂದು ಬೆಲ್ಲವೇ ಅವರ ಖಜಾನೆಯ ಆಸರೆಯಾಯಿತು, ದ್ವೀಪದವರ ಪಾಲಿಗೆ ಹೊರೆಯಾಯಿತು. ಕಬ್ಬಿನ ಗದ್ದೆಗೆ ಇಲಿ ಬಂತು, ಇಲಿಯ ಹಿಂದೆ ಹಾಬು ಬಂತು. ಗದ್ದೆಯಲ್ಲಿ ಕೈಯಿಟ್ಟಲ್ಲಿ ಕಚ್ಚಿಸಿಕೊಳ್ಳುವ ಭಯವಿತ್ತು. ಹಿಡಿದು ತಂದ ಹಾಬುವಿಗೆ ಸರ್ಕಾರ ಹಣ ಕೊಡುವ ಪದ್ಧತಿ ಈಗಲೂ ಇದೆ. ಆದರೆ ಇದೇ ಭಯ ಜನರನ್ನು ಕಾಡಿನ ಒಳಮಗ್ಗುಲಿನಿಂದ ದೂರವಿಟ್ಟಿತು. ದ್ವೀಪದವರು ಹಾಬುವನ್ನು ಕಾಡಿನ ಕಾವಲುಗಾರನೆನ್ನುವುದು ಬರಿಯ ಮಾತಲ್ಲ.

ಹೊರಜಗತ್ತಿಗೆ ಮೊಲದ ಪರಿಚಯವಾದದ್ದು ತಡವಾಗಿ. 1896ರಲ್ಲಿ ವಿಲಿಯಂ ಫರ್ನೆಸ್ ಮತ್ತು ಹೈರಮ್ ಹಿಲ್ಲರ್ ಎಂಬ ಅಮೆರಿಕನ್ನರು ಇದರ ಮಾದರಿಗಳನ್ನು ಸಂಪಾದಿಸಿದರು. 1900ರಲ್ಲಿ ಫಿಲಡೆಲ್ಫಿಯಾದ ವಿಟ್ಮರ್ ಸ್ಟೋನ್ ಅವುಗಳನ್ನು ವರ್ಣಿಸಿ, ಹಿಮಾಲಯದ ಬುಡದ ತೆರಾಯಿ ಹುಲ್ಲುಗಾವಲಿನ ಒರಟುಗೂದಲ ಮೊಲದ ಕುಲಕ್ಕೇ ಸೇರಿಸಿದ್ದ. ನಾಲ್ಕು ವರ್ಷಗಳ ನಂತರ ಇದಕ್ಕೆ ಸ್ವತಂತ್ರ ಕುಲ ಸಿಕ್ಕಿತು. 1921ರಲ್ಲಿ ಜಪಾನ್ ಸರ್ಕಾರ ಮೊಲವನ್ನು ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು, 1963ರಲ್ಲಿ ವಿಶೇಷ ದರ್ಜೆಗೇರಿಸಿತು. ಬೇಟೆ ನಿಂತಿತು, ಆದರೆ ಕಾಡಿಗೆ ಆ ರಕ್ಷಣೆ ಇರಲಿಲ್ಲ. ಯುದ್ಧಾನಂತರ ಅಮೆರಿಕದ ಆಡಳಿತದಲ್ಲಿದ್ದ ದ್ವೀಪಗಳು 1953ರ ಡಿಸೆಂಬರಿನಲ್ಲಿ ಜಪಾನಿಗೆ ಮರಳಿದ ಮೇಲೆ ರಸ್ತೆಗಳು ಬಂದವು, ಕಾಗದದ ತಿರುಳಿಗಾಗಿ ಬೆಟ್ಟಗಳನ್ನೇ ಬೋಳಿಸುವ ಕೆಲಸ ಶುರುವಾಯಿತು. ಪ್ರಾಣಿಯನ್ನು ಕಾಯ್ದು ಅದರ ಮನೆಯನ್ನು ಕಡಿಯಲು ಬಿಟ್ಟದ್ದು ಆ ಕಾಲದ ಸಂರಕ್ಷಣೆಯ ದೊಡ್ಡ ಲೋಪ.

ಅದಕ್ಕಿಂತ ದೊಡ್ಡ ಪೆಟ್ಟು ಭಾರತದಿಂದ ಹೊರಟದ್ದು. ಹಾವಿಗೆ ಮುಂಗುಸಿ ಎಂಬ ನಂಬಿಕೆ ನಮ್ಮದಷ್ಟೇ ಅಲ್ಲ, ಹತ್ತೊಂಬತ್ತನೆಯ ಶತಮಾನದ ತೋಟದೊಡೆಯರದೂ ಹೌದು. 1872ರಲ್ಲಿ ಕಲ್ಕತ್ತದಿಂದ ಜಮೈಕಾದ ಕಬ್ಬಿನ ತೋಟಗಳಿಗೆ ಇಲಿ ಹಿಡಿಯಲು ಮುಂಗುಸಿ ಹೋಯಿತು. 1910ರಲ್ಲಿ ವಾತಾಸೆ ಶೋಜಾಬುರೊ ಎಂಬ ಹೆಸರಾಂತ ಪ್ರಾಣಿಶಾಸ್ತ್ರಜ್ಞ ಗಂಗಾ ನದೀಮುಖದ ಕೆಲವು ಮುಂಗುಸಿಗಳನ್ನು ಒಕಿನಾವಾಕ್ಕೆ ತಂದು, ಇಲಿ ಮತ್ತು ಹಾಬುವನ್ನು ಅಡಗಿಸಲೆಂದು ಬಿಡಿಸಿದ. ಅವುಗಳ ಸಂತತಿಯ ಸುಮಾರು 30 ಮುಂಗುಸಿಗಳನ್ನು 1979ರಲ್ಲಿ ಅಮಾಮಿಯ ನಾಜೆ ಪಟ್ಟಣದ ಬಳಿ ಬಿಡಲಾಯಿತು. ಮುಂಗುಸಿ ಹಗಲಿನ ಪ್ರಾಣಿ, ಹಾಬು ಇರುಳಿನದು. ಎರಡೂ ಎದುರುಬದುರಾಗುವುದೇ ಅಪರೂಪ. ಹಗಲಿಡೀ ಬಿಲಗಳಲ್ಲಿ ಮಲಗಿದ ಮೊಲ, ಮುಳ್ಳಿಲಿ, ಕಪ್ಪೆಗಳು ಮಾತ್ರ ಕೈಗೆಟಕುವಂತಿದ್ದವು. ಮಣ್ಣು ಮೆತ್ತಿದ ಬಾಗಿಲು ಹಾವನ್ನು ತಡೆಯುತ್ತಿತ್ತು, ಮುಂಗುಸಿಯನ್ನು ತಡೆಯಲಿಲ್ಲ. 2000ದ ಹೊತ್ತಿಗೆ ಮುಂಗುಸಿಗಳು ಸುಮಾರು 10,000 ಆಗಿದ್ದವು, ಮತ್ತು ಅವು ನೆಲೆಸಿದ ಪ್ರದೇಶಗಳಿಂದ ಮೊಲ ಕಾಣೆಯಾಗುತ್ತ ಬಂತು. 2003ರ ಸುಮಾರಿನ ಅಂದಾಜಿನಂತೆ ಅಮಾಮಿಯಲ್ಲಿ ಉಳಿದಿದ್ದ ಮೊಲಗಳು 2,000ದಿಂದ 4,800. ತೊಕುನೊಶಿಮಾದಲ್ಲಿ ಮುಂಗುಸಿ ಇರಲಿಲ್ಲ. ಆದರೂ ಅಲ್ಲಿ ತುಂಡುತುಂಡಾದ ಕಾಡಿನಲ್ಲಿ ಕೆಲವು ನೂರು ಮೊಲಗಳಷ್ಟೇ ಇದ್ದವು.

ಈ ನಡುವೆ 1995ರಲ್ಲಿ ನಾಗರಿಕರು ಅಮಾಮಿಯಲ್ಲಿ ಗಾಲ್ಫ್ ಮೈದಾನಗಳಿಗೆ ನೀಡಿದ್ದ ಅನುಮತಿಯನ್ನು ಪ್ರಶ್ನಿಸಿ ಕಾಗೋಶಿಮಾ ನ್ಯಾಯಾಲಯಕ್ಕೆ ಹೋದರು. ಅರ್ಜಿದಾರರ ಪಟ್ಟಿಯಲ್ಲಿ ಮೊಲವೂ ದ್ವೀಪದ ಹಕ್ಕಿಗಳೂ ಇದ್ದವು. 2001ರಲ್ಲಿ ದಾವೆ ವಜಾ ಆಯಿತು, ಆದರೆ ಪ್ರಾಣಿಗಳ ಪರವಾಗಿ ಮಾತಾಡುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆಯನ್ನು ಜಪಾನಿನ ಕಾನೂನು ಲೋಕಕ್ಕೆ ಪರಿಚಯಿಸಿದ್ದು ಈ ಮೊಕದ್ದಮೆಯೇ.

ಮುಂಗುಸಿಯನ್ನು ಬೇರುಸಹಿತ ಕೀಳುವ ಕೆಲಸವನ್ನು ಜಪಾನ್ ಸರ್ಕಾರ 2000ದಲ್ಲಿ ಕೈಗೆತ್ತಿಕೊಂಡಿತು. 2005ರಲ್ಲಿ ‘ಅಮಾಮಿ ಮಂಗೂಸ್ ಬಸ್ಟರ್ಸ್’ ಎಂಬ ತಂಡ ರೂಪುಗೊಂಡಿತು. ಹಾಬು ತುಂಬಿದ ಕಡಿದಾದ ಕಾಡಿನಲ್ಲಿ ಸುಮಾರು 30,000 ಬೋನುಗಳನ್ನು ಒಂದೊಂದಾಗಿ ನೋಡಿ ಬರುವ ದುಡಿಮೆ ಅವರದು. ಜೊತೆಗೆ ಕ್ಯಾಮೆರಾಗಳು, ವಾಸನೆ ಹಿಡಿಯುವ ನಾಯಿಗಳು. ಹಿಡಿದ ಮುಂಗುಸಿಗಳ ಒಟ್ಟು ಲೆಕ್ಕ 32,000ದ ಆಸುಪಾಸು. ಕೊನೆಯದು ಸಿಕ್ಕಿದ್ದು 2018ರ ಏಪ್ರಿಲಿನಲ್ಲಿ. ಆಮೇಲೂ ಆರು ವರ್ಷ ಹುಡುಕಿ, 2024ರ ಸೆಪ್ಟೆಂಬರ್ 3ರಂದು ದ್ವೀಪ ಮುಂಗುಸಿಮುಕ್ತವೆಂದು ಘೋಷಿಸಲಾಯಿತು. ಮುಂಗುಸಿ ಬೇರೂರಿದ್ದ ಇಷ್ಟು ದೊಡ್ಡ ದ್ವೀಪವೊಂದರಲ್ಲಿ ಇಂಥ ಕೆಲಸ ಜಗತ್ತಿನಲ್ಲೆಲ್ಲೂ ಸಾಧ್ಯವಾಗಿರಲಿಲ್ಲ.

ಕಾಡು ಕಡಿತವೂ ಇಳಿದಿದ್ದರಿಂದ ಮೊಲದ ಸಂಖ್ಯೆ ಏರಿದೆ. 2021ರಲ್ಲಿ ಎರಡೂ ದ್ವೀಪಗಳ ಕಾಡು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹಾಗೆಂದು ಅಪಾಯ ತೀರಿಲ್ಲ. ಊರಿನಿಂದ ಕಾಡು ಸೇರಿದ ಬೆಕ್ಕುಗಳು ಮೊಲ ಹಿಡಿಯುತ್ತವೆ. ಎಳೆಹುಲ್ಲು ಮೇಯಲು, ಹಿಕ್ಕೆ ಹಾಕಲು ಬಯಲು ಬೇಕೆಂದು ರಾತ್ರಿ ರಸ್ತೆಗಿಳಿಯುವ ಮೊಲಗಳು ವಾಹನಗಳಿಗೆ ಸಿಕ್ಕಿ ಸಾಯುವುದು ಸಂಖ್ಯೆ ಹೆಚ್ಚಿದಂತೆ ಹೆಚ್ಚಿದೆ. ಕಾಡಂಚಿನ ತಂಕಾನ್ ಕಿತ್ತಳೆ ತೋಟಗಳಿಗೂ ಅವು ನುಗ್ಗಿ ಎಳೆಮರಗಳ ತೊಗಟೆ ಕೆರೆಯುತ್ತಿವೆ. ಕಾನೂನಿನ ರಕ್ಷಣೆಯಿರುವ ಪ್ರಾಣಿಯನ್ನು ಹಿಡಿಯುವಂತಿಲ್ಲದ ಕಾರಣ ಬೆಳೆಗಾರರು ಮರಗಳನ್ನೇ ಬಲೆ, ಬೇಲಿಗಳಿಂದ ಕಾಪಾಡಿಕೊಳ್ಳಬೇಕಾಗಿದೆ.