ನಾಳವಿಲ್ಲದ ಕೋಶಗುಚ್ಛಗಳು: ಲ್ಯಾಂಗರ್‌ಹಾನ್ಸ್ ಕಿರುದ್ವೀಪಗಳ ಶೋಧದ ಚರಿತ್ರೆ

ಇನ್ಸುಲಿನ್ನಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1921ರ ಬೇಸಿಗೆಯ ಟೊರಾಂಟೊದಿಂದ ಶುರು ಮಾಡುತ್ತಾರೆ. ಅಲ್ಲಿ ಇನ್ಸುಲಿನ್ನನ್ನು ಹೊರತೆಗೆದ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರ ಸಾಧನೆ ದೊಡ್ಡದೇ. ಆದರೆ ಅದಕ್ಕೂ ಮುಂಚಿನ ಅರ್ಧ ಶತಮಾನ ಅಂಗಾಂಶಗಳನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವರು ಆ ಹೊಲವನ್ನು ಹದ ಮಾಡಿಟ್ಟಿದ್ದರು. ಅವರಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ ಎಂಬುದು ನನ್ನ ಅಭಿಪ್ರಾಯ.

1869ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಮೇದೋಜೀರಕ ಗ್ರಂಥಿಯ ಸೂಕ್ಷ್ಮ ರಚನೆಯ ಬಗ್ಗೆ ಪ್ರಬಂಧ ಮಂಡಿಸಿದ. ಆಗ ಅವನಿಗೆ ಇಪ್ಪತ್ತೊಂದರ ವಯಸ್ಸು. ಹಿಂದಿನ ವರ್ಷವೇ ಚರ್ಮದಲ್ಲಿ ಕವಲೊಡೆದ ಕೋಶಗಳನ್ನು ಗುರುತಿಸಿ ಹೆಸರು ಮಾಡಿದ್ದ. ಮೊಲದ ಗ್ರಂಥಿಯನ್ನು ಪರೀಕ್ಷಿಸುವಾಗ, ಜೀರ್ಣರಸ ಸ್ರವಿಸುವ ಕೋಶಗಳ ನಡುವೆ ಅಲ್ಲಲ್ಲಿ ಬೇರೆಯೇ ಬಗೆಯ ಗುಂಪುಗಳು ಅವನಿಗೆ ಕಂಡವು. ಬಹುಭುಜಾಕೃತಿಯ ಸಣ್ಣ ಕೋಶಗಳು, ತಿಳಿಯಾದ ಒಳದ್ರವ, ದುಂಡನೆಯ ಕೋಶಕೇಂದ್ರ. ಗುಂಪಿನ ಅಡ್ಡಳತೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಅದರ ಎರಡರಷ್ಟರ ಆಸುಪಾಸು. ಇವು ಏನು ಕೆಲಸ ಮಾಡುತ್ತವೆಂದು ಅವನು ಹೇಳಲಿಲ್ಲ. ಗೊತ್ತಿಲ್ಲವೆಂದೇ ಬರೆದ. ಕಂಡದ್ದನ್ನಷ್ಟೇ ದಾಖಲಿಸಿ ಊಹೆಯನ್ನು ತಡೆದ ಆ ಶಿಸ್ತಿನಿಂದಲೇ ಪ್ರಬಂಧಕ್ಕೆ ಇಂದಿಗೂ ಬೆಲೆ ಇದೆ. ಮುಂದೆ ಕ್ಷಯ ತಗುಲಿ, ಅವನು ಮದೀರಾ ದ್ವೀಪದಲ್ಲಿ ನೆಲೆಸಿ, ಅಲ್ಲಿಯೇ 1888ರಲ್ಲಿ ತೀರಿಕೊಂಡ.

ಮರುವರ್ಷ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯ ಮೇದೋಜೀರಕವನ್ನು ಪೂರ್ತಿ ತೆಗೆದುಹಾಕಿದರು. ನಾಯಿಗೆ ತೀವ್ರ ಮಧುಮೇಹ ಬಂತು. ಗ್ರಂಥಿಯ ತುಣುಕೊಂದನ್ನು ಚರ್ಮದಡಿ ಕಸಿ ಮಾಡಿದರೆ ಮಧುಮೇಹ ಬರದೆಂದೂ ಕೆಲವೇ ವರ್ಷಗಳಲ್ಲಿ ತಿಳಿಯಿತು. ಕರುಳಿಗೆ ನಾಳದ ಸಂಪರ್ಕವೇ ಇಲ್ಲದ ತುಣುಕು ಕೆಲಸ ಮಾಡುತ್ತಿದೆಯೆಂದರೆ ಅದರ ಸ್ರಾವ ರಕ್ತಕ್ಕೇ ಸೇರುತ್ತಿರಬೇಕು. 1893ರಲ್ಲಿ ಫ್ರಾನ್ಸಿನ ಲಗೆಸ್ ಈ ಎರಡು ಎಳೆಗಳನ್ನು ಹೆಣೆದ. ನಾಳವಿಲ್ಲದ, ಲೋಮನಾಳಗಳು ದಟ್ಟವಾಗಿ ಹಾಯ್ದುಹೋಗುವ ಆ ಗುಂಪುಗಳಿಗೆ ಲ್ಯಾಂಗರ್‌ಹಾನ್ಸನ ಕಿರುದ್ವೀಪಗಳೆಂದು ಹೆಸರಿಟ್ಟು, ಅಂತಃಸ್ರಾವ ಹುಟ್ಟುವುದು ಇಲ್ಲಿಯೇ ಇರಬಹುದೆಂದು ಸೂಚಿಸಿದ.

ಸೂಚನೆಗೆ ಪುರಾವೆ ಬೇಕಿತ್ತು. ಬಾಲ್ಟಿಮೋರಿನಲ್ಲಿ ಯೂಜೀನ್ ಓಪಿ 1901ರಲ್ಲಿ ಮಧುಮೇಹದಿಂದ ಸತ್ತವರ ಕಿರುದ್ವೀಪಗಳು ಕ್ಷಯಿಸಿ ಗಾಜಿನಂಥ ವಸ್ತುವಾಗಿ ಮಾರ್ಪಟ್ಟಿದ್ದನ್ನು ತೋರಿಸಿದ. ಅದೇ ಸುಮಾರಿಗೆ ರಷ್ಯಾದ ಲಿಯೊನಿದ್ ಸೊಬೊಲೆವ್ ಪ್ರಾಣಿಗಳ ಮೇದೋಜೀರಕ ನಾಳವನ್ನು ಕಟ್ಟಿದ. ಜೀರ್ಣರಸದ ಕೋಶಗಳು ನಶಿಸಿದವು, ಕಿರುದ್ವೀಪಗಳು ಉಳಿದವು, ಸಕ್ಕರೆ ಕಾಯಿಲೆ ಬರಲಿಲ್ಲ. ಎಳೆಗರುಗಳಲ್ಲಿ ಜೀರ್ಣರಸದ ಭಾಗ ಇನ್ನೂ ಬೆಳೆದಿರುವುದಿಲ್ಲವಾದ್ದರಿಂದ ಅವುಗಳ ಗ್ರಂಥಿಯನ್ನು ಚಿಕಿತ್ಸೆಗೆ ಪ್ರಯತ್ನಿಸಬಹುದೆಂದೂ ಅವನು ಬರೆದ. ಟೊರಾಂಟೊಗೆ ಇಪ್ಪತ್ತು ವರ್ಷ ಮುಂಚಿನ ಮಾತಿದು!

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಕೆಲಸ 1907ರದು. ಷಿಕಾಗೊದಲ್ಲಿ ಅಂಗರಚನಾ ವಿಜ್ಞಾನಿ ಬೆನ್ಸ್‌ಲಿಯ ಶಿಷ್ಯ ಮೈಕೆಲ್ ಲೇನ್ ಒಂದೇ ಅಂಗಾಂಶವನ್ನು ಎರಡು ಬಗೆಯ ದ್ರಾವಣಗಳಲ್ಲಿ ಸಂರಕ್ಷಿಸಿ ನೋಡಿದ. ಆಲ್ಕೊಹಾಲಿನಲ್ಲಿಟ್ಟಾಗ ಕಿರುದ್ವೀಪದ ಕೆಲವು ಕೋಶಗಳ ಕಣಗಳು ಉಳಿದುಕೊಂಡವು, ಉಳಿದ ಕೋಶಗಳವು ಕರಗಿಹೋದವು. ನೀರಿನಲ್ಲಿ ಬೆರೆಸಿದ ಕ್ರೋಮ್ ದ್ರಾವಣದಲ್ಲಿ ಇದು ತಿರುಗುಮುರುಗಾಯಿತು. ಮೊದಲಿನವನ್ನು ಎ ಕೋಶಗಳೆಂದೂ ಎರಡನೆಯವನ್ನು ಬಿ ಕೋಶಗಳೆಂದೂ ಅವನು ಕರೆದ. ಬಿ ಕೋಶದಲ್ಲಿರುವುದು ಇನ್ಸುಲಿನ್ ಎಂದು ಇಂದು ಗೊತ್ತಿರುವ ನಮಗೆ ಆಲ್ಕೊಹಾಲಿನ ಸೀಸೆಯಲ್ಲಿ ಆದದ್ದು ಬೇರೆಯಾಗಿ ಕಾಣುತ್ತದೆ: ಕರಗಿಹೋದದ್ದು ಇನ್ಸುಲಿನ್. ಅಂಗಾಂಶದಿಂದ ಇನ್ಸುಲಿನ್ನನ್ನು ಕರಗಿಸಿ ಹೊರತೆಗೆಯಲು ಟೊರಾಂಟೊದವರು ಬಳಸಿದ್ದೂ ಆಲ್ಕೊಹಾಲನ್ನೇ. ಲೇನ್‌ಗೆ ಅದು ಕೋಶಗಳನ್ನು ವಿಂಗಡಿಸುವ ಗುರುತಾಗಿತ್ತು. ರಸಾಯನ ಶಾಸ್ತ್ರಜ್ಞರಿಗೆ ಅದೇ ದಾರಿಯಾಯಿತು. ಅಂಗಾಂಶ ವಿಜ್ಞಾನಿಗಳೂ ರಸಾಯನ ಶಾಸ್ತ್ರಜ್ಞರೂ ಆಗಲೇ ಒಂದೇ ಮೇಜಿನ ಸುತ್ತ ಕೂತಿದ್ದರೆ ಎಷ್ಟು ಜೀವಗಳು ಉಳಿಯುತ್ತಿದ್ದವೋ ಎಂದು ಮನಸ್ಸು ಮರುಗುತ್ತದೆ.

ಬ್ಯಾಂಟಿಂಗ್ ಹೊರಟಿದ್ದೂ ನಾಳವನ್ನು ಕಟ್ಟುವ ಯೋಚನೆಯಿಂದಲೇ. ಕೊನೆಗೆ ಅದರ ಅಗತ್ಯ ಬೀಳಲಿಲ್ಲ; ಕಸಾಯಿಖಾನೆಯಿಂದ ತಂದ ದನದ ಗ್ರಂಥಿಯಿಂದಲೇ ಸಾರ ತೆಗೆಯಲಾಯಿತು. 1922ರ ಜನವರಿ 11ರಂದು ಹದಿನಾಲ್ಕರ ಹುಡುಗ ಲೆನರ್ಡ್ ಥಾಂಪ್ಸನ್‌ಗೆ ಕೊಟ್ಟ ಮೊದಲ ಚುಚ್ಚುಮದ್ದು ಹೆಚ್ಚೇನೂ ಫಲ ಕೊಡದೆ ಚುಚ್ಚಿದ ಜಾಗದಲ್ಲಿ ಬಾವು ಎಬ್ಬಿಸಿತು. ಆಲ್ಕೊಹಾಲಿನ ಪ್ರಮಾಣವನ್ನು ಹದವಾಗಿ ಏರಿಸುತ್ತ ತಂಡದ ಜೀವರಸಾಯನ ಶಾಸ್ತ್ರಜ್ಞ ಕಾಲಿಪ್ ಶುದ್ಧಗೊಳಿಸಿದ ಸಾರವನ್ನು ಜನವರಿ 23ರಿಂದ ಕೊಟ್ಟಾಗ ಹುಡುಗ ಚೇತರಿಸಿಕೊಂಡ.

ಆಮೇಲೆ ಕಥೆ ವೇಗವಾಗಿ ಸಾಗುತ್ತದೆ. 1931ರಲ್ಲಿ ಬ್ಲೂಮ್ ಮನುಷ್ಯನ ಕಿರುದ್ವೀಪದಲ್ಲಿ ಡಿ ಕೋಶವನ್ನು ಗುರುತಿಸಿದ; ಅದು ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆಂದು ತಿಳಿದದ್ದು 1970ರ ದಶಕದಲ್ಲಿ. ಬಣ್ಣಗಳ ಜಾಗಕ್ಕೆ, ಹಾರ್ಮೋನನ್ನೇ ಹುಡುಕಿ ಅಂಟಿಕೊಳ್ಳುವ ಹೊಳೆಯುವ ಪ್ರತಿಕಾಯಗಳು ಬಂದವು. ರಕ್ತದ ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಹಾರ್ಮೋನು ಇರುವುದು ಎ ಕೋಶದಲ್ಲೆಂದು ಅವುಗಳಿಂದಲೇ ಖಚಿತವಾಯಿತು.

ವಾಸ್ತವವಾಗಿ ರಚನೆಯ ಪ್ರಶ್ನೆ ಇನ್ನೂ ಮುಗಿದಿಲ್ಲ. ಬಿ ಕೋಶಗಳು ನಡುವೆ, ಎ ಕೋಶಗಳು ಅಂಚಿನಲ್ಲಿ ಎಂದು ಪಠ್ಯಪುಸ್ತಕಗಳು ದಶಕಗಳ ಕಾಲ ಚಿತ್ರಿಸಿದ್ದು ಮುಖ್ಯವಾಗಿ ಇಲಿಗಳಲ್ಲಿ ಕಂಡದ್ದನ್ನು. ಮನುಷ್ಯನ ಕಿರುದ್ವೀಪದಲ್ಲಿ ಈ ಕೋಶಗಳು ಒಂದರೊಳಗೊಂದು ಬೆರೆತಿರುತ್ತವೆಂದೂ ಬಹಳಷ್ಟು ಬಿ ಕೋಶಗಳ ಪಕ್ಕದಲ್ಲೇ ಎ ಅಥವಾ ಡಿ ಕೋಶವಿರುತ್ತದೆಂದೂ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಾಗಾದರೆ ಒಂದು ಕೋಶದ ಸ್ರಾವ ರಕ್ತಕ್ಕೆ ಸೇರುವ ಮೊದಲೇ ಪಕ್ಕದ ಕೋಶವನ್ನು ಮುಟ್ಟುತ್ತದೆ. ಇಲಿಯಲ್ಲಿ ಕಂಡ ನಿಯಂತ್ರಣ ಕ್ರಮವನ್ನು ಮನುಷ್ಯನಿಗೂ ಹಾಗೆಯೇ ಅನ್ವಯಿಸಲಾಗದು. ಕಿರುದ್ವೀಪಗಳನ್ನು ಕಸಿ ಮಾಡುವ ವೈದ್ಯರು ಈಗ ಎದುರಿಸುತ್ತಿರುವ ಪ್ರಶ್ನೆಗಳಲ್ಲಿ ಇದೂ ಒಂದು.