ಅಜ್ಜಿಯ ಪೆಟ್ಟಿಗೆ

ನಮ್ಮ ನಡುಮನೆಯ ಮೂಲೆಯಲ್ಲಿ ಅಜ್ಜಿಯ ತೇಗದ ಪೆಟ್ಟಿಗೆ ಇದೆ. ತೇಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಗೆದ್ದಲು ಅದರ ತಂಟೆಗೆ ಹೋಗಿಲ್ಲ. ಮನೆ ಬದಲಿಸಿದಾಗಲೆಲ್ಲ ಇದನ್ನು ಮಾರಿಬಿಡೋಣ ಎಂಬ ಮಾತು ಬರುತ್ತದೆ. ನಾನು ಒಪ್ಪುವುದಿಲ್ಲ.

ಮನೆಯ ಸಾಮಾನುಗಳ ಹೆಸರಿನಲ್ಲೇ ಅವುಗಳ ಚರಿತ್ರೆ ಇರುತ್ತದೆ. 'ಕುರ್ಚಿ' ಅರಬ್ಬಿಯಿಂದ ಪಾರಸಿಯ ಮೂಲಕ ನಮಗೆ ಬಂದ ಮಾತು. 'ಅಲಮಾರು' ಪೋರ್ಚುಗೀಸರದು. ಮಣೆ, ತೊಟ್ಟಿಲುಗಳು ಮಾತ್ರ ಅಚ್ಚಗನ್ನಡದವು. ಅಜ್ಜಿಯ ಮನೆಯಲ್ಲಿ ಕುರ್ಚಿ ಇದ್ದದ್ದು ಹೊರಗಿನ ಜಗಲಿಯಲ್ಲಿ, ಗಂಡಸರಿಗೆ. ಒಳಗೆ ಅಜ್ಜಿಗೆ ಕೂರಲು ಮಣೆ, ಮಕ್ಕಳನ್ನು ತೂಗಲು ತೊಟ್ಟಿಲು. ತನ್ನದು ಎನ್ನಲು, ಮದುವೆಯಲ್ಲಿ ತವರಿನವರು ಕೊಟ್ಟ ಈ ಪೆಟ್ಟಿಗೆಯೊಂದೇ. ಅದರ ಬೀಗದ ಕೈ ಸದಾ ಅವರ ಸೊಂಟದಲ್ಲಿರುತ್ತಿತ್ತು.

ಹೆಣ್ಣುಮಕ್ಕಳಿಗೆ ಹೈಸ್ಕೂಲೇಕೆ ಎಂದು ಅಜ್ಜ ಜಗಲಿಯ ಕುರ್ಚಿಯಲ್ಲಿ ಕುಳಿತು ಹೇಳಿದಾಗ, ಅಜ್ಜಿ ಮರುಮಾತಾಡಲಿಲ್ಲವಂತೆ. ಒಳಗೆ ಹೋಗಿ ಪೆಟ್ಟಿಗೆ ತೆರೆದು, ಸೀರೆಯ ಮಡಿಕೆಯಲ್ಲಿ ಕೂಡಿಟ್ಟಿದ್ದ ದುಡ್ಡು ತೆಗೆದು ಅಮ್ಮನ ಫೀಜು ಕಟ್ಟಿಸಿದರಂತೆ.

ಹೆಣ್ಣಿನ ಕೈಗೆ ಬಂದ ಆಸ್ತಿಗೆ ಅವಳೇ ಪೂರ್ಣ ಒಡತಿ ಎಂದು ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳಿದ್ದು 1956ರಲ್ಲಿ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದು ಕರ್ನಾಟಕ ಕಾನೂನು ಮಾಡಿದ್ದು 1994ರಲ್ಲಿ. ಅದಕ್ಕೆ ಮುಂಚೆಯೇ ಮದುವೆಯಾದ ನನ್ನಮ್ಮನಂಥವರನ್ನು ಆ ಕಾನೂನು ಹೊರಗಿಟ್ಟಿತು. ದೇಶಕ್ಕೆಲ್ಲ ಈ ಹಕ್ಕು ದೊರೆತದ್ದು 2005ರಲ್ಲಿ.

ಕಾನೂನು ಬರುವ ಮೊದಲು ಈ ಪೆಟ್ಟಿಗೆಯಷ್ಟೇ ಜಾಗ ನಮ್ಮವರದಾಗಿತ್ತು. ಹಳೆಯ ಮರದ ಮೇಲೆ ನಮಗೇಕೆ ಇಷ್ಟು ಮೋಹ ಎಂದು ಕೇಳುವವರಿಗೆ ನಾನು ಅದರ ಬೀಗದ ಕೈ ತೋರಿಸುತ್ತೇನೆ.